ಬಾವಿ ಮುಚ್ಚಿ ಟ್ಯಾಂಕರ್ ತರಿಸಿದವರು

ಜುಲೈ ತಿಂಗಳಲ್ಲಿ ಮುಂಬಯಿಯ ಯಾವ ಪೇಪರನ್ನಾದರೂ ಬಿಡಿಸಿ ನೋಡಿ. ಒಂದು ಮೂಲೆಯಲ್ಲಿ ಪುಟ್ಟದೊಂದು ಪಟ್ಟಿ ಇರುತ್ತದೆ. ತುಳಸಿ ಇಷ್ಟು, ವಿಹಾರ್ ಇಷ್ಟು, ತಾನ್ಸಾ ಇಷ್ಟು, ಭಾತ್ಸಾ ಇಷ್ಟು. ನಮಗೆ ನೀರು ಕೊಡುವ ಕೆರೆಗಳು ಶೇಕಡಾ ಎಷ್ಟು ತುಂಬಿವೆ ಎನ್ನುವ ಲೆಕ್ಕ. ಪಕ್ಕದಲ್ಲೇ ದೊಡ್ಡ ಫೋಟೋ. ಹಿಂದ್‌ಮಾತಾದಲ್ಲಿ ಸೊಂಟದುದ್ದ ನೀರಿನಲ್ಲಿ ಸ್ಕೂಟರ್ ತಳ್ಳುತ್ತಿರುವ ಮನುಷ್ಯ. ಬೆಳಿಗ್ಗೆ ಚಹಾ ಕುಡಿಯುತ್ತಾ ನಾವು ಮೊದಲನೆಯದನ್ನು ಓದಿ "ಅಯ್ಯೋ, ಇನ್ನೂ ಮಳೆ ಬೇಕಿತ್ತು" ಅನ್ನುತ್ತೇವೆ. ಎರಡನೆಯದನ್ನು ನೋಡಿ "ಸಾಕಪ್ಪಾ ಈ ಮಳೆ" ಅನ್ನುತ್ತೇವೆ. ಕುಡಿಯುತ್ತಿರುವುದು ಒಂದೇ ಚಹಾ, ಆಡುತ್ತಿರುವುದು ಒಂದೇ ಬಾಯಿ!

ನಲವತ್ತು ವರ್ಷಗಳಿಂದ ನಾನೂ ಹೀಗೇ ಎರಡು ಮಾತು ಆಡಿಕೊಂಡು ಬಂದವನು. ಈಗ ನಾಚಿಕೆಯಾಗುತ್ತಿದೆ. ಏಕೆ ಅಂತ ಹೇಳುತ್ತೇನೆ, ಸ್ವಲ್ಪ ಸಮಾಧಾನದಿಂದ ಕೇಳಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮದೂ ಅದೇ ಕತೆ. ನೀರು ನಿಂತರೆ ಮಳೆಯ ತಪ್ಪು, ನೀರು ಬಾರದಿದ್ದರೂ ಮಳೆಯದ್ದೇ ತಪ್ಪು. ಮಳೆ ಪಾಪ, ಸಾವಿರಾರು ವರ್ಷಗಳಿಂದ ತನ್ನ ಕೆಲಸ ಮಾಡಿಕೊಂಡು ಬಂದಿದೆ. ಅರಬ್ಬೀ ಸಮುದ್ರದಿಂದ ಆವಿ ಏಳುತ್ತದೆ, ನೈಋತ್ಯದ ಗಾಳಿ ಅದನ್ನು ಹೊತ್ತು ತರುತ್ತದೆ, ಸಹ್ಯಾದ್ರಿ ಅಡ್ಡ ನಿಂತು ಮೋಡವನ್ನು ಮೇಲಕ್ಕೆತ್ತುತ್ತದೆ, ಅದು ತಂಪಾಗಿ ಸುರಿಯುತ್ತದೆ. ಬಿದ್ದ ನೀರಿಗೆ ಮುಂದೆ ಮೂರು ದಾರಿ. ಒಂದಿಷ್ಟು ಗಿಡಮರ ಕುಡಿದು, ಎಲೆಯಿಂದ ಮತ್ತೆ ಗಾಳಿಗೆ ಬಿಡುತ್ತದೆ. ಒಂದಿಷ್ಟು ನೆಲ ಕುಡಿದು, ಬೇಸಿಗೆಗೆ ಬಾವಿ-ಒರತೆಗೆ ಕೊಡುತ್ತದೆ. ಉಳಿದದ್ದು ಹೊಳೆಯಾಗಿ ಸಮುದ್ರ ಸೇರುತ್ತದೆ. ಮೂರನೇ ಕ್ಲಾಸಿನ ಮಗುವೂ ಬಾಣದ ಗುರುತು ಹಾಕಿ ಈ ಚಿತ್ರ ಬರೆಯುತ್ತದೆ. ನಾವು ಮುಂಬಯಿಯಲ್ಲಿ ಏನು ಮಾಡಿದೆವು? ಮರ ಕಡಿದು ಮೊದಲ ದಾರಿ ಮುಚ್ಚಿದೆವು. ಕಾಂಕ್ರೀಟ್ ಹಾಕಿ ಎರಡನೇ ದಾರಿ ಮುಚ್ಚಿದೆವು. ಮೂರನೇ ದಾರಿಯ ಮೇಲೆ ಬಿಲ್ಡಿಂಗ್ ಕಟ್ಟಿದೆವು. ಆಮೇಲೆ "ನೀರು ಏಕೆ ನಿಲ್ಲುತ್ತದೆ?" ಅಂತ ಟಿವಿಯಲ್ಲಿ ಚರ್ಚೆ ಇಟ್ಟುಕೊಂಡೆವು.

ಒಂದು ಸಣ್ಣ ಲೆಕ್ಕ ಮಾಡೋಣ. ನಾವು ಕನ್ನಡಿಗರು, ಅದರಲ್ಲೂ ಹೋಟೆಲು ಗಲ್ಲಾದಲ್ಲಿ ಕೂತು ಬಂದವರು, ಲೆಕ್ಕದಲ್ಲಿ ಹಿಂದಲ್ಲವಲ್ಲ. ಬೃಹನ್ಮುಂಬಯಿಯ ವಿಸ್ತಾರ ಸುಮಾರು 440 ಚದರ ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಮಳೆಗಾಲದಲ್ಲಿ ಇಲ್ಲಿ ಬೀಳುವ ಮಳೆ, ಕಡಿಮೆ ಹಿಡಿದರೂ 2,200 ಮಿಲಿಮೀಟರ್. ಗುಣಿಸಿ ನೋಡಿ. ಸುಮಾರು 97 ಸಾವಿರ ಕೋಟಿ ಲೀಟರ್ ಆಗುತ್ತದೆ. ನಮ್ಮ ಏಳು ಕೆರೆಗಳು ತುಂಬಿ ತುಳುಕಿದಾಗ ಅವುಗಳಲ್ಲಿರುವ ನೀರು ಸುಮಾರು 1 ಲಕ್ಷ 45 ಸಾವಿರ ಕೋಟಿ ಲೀಟರ್. ಅಂದರೆ ಏಳು ಕೆರೆಗಳ ಒಟ್ಟು ನೀರಿನ ಮೂರನೇ ಎರಡು ಭಾಗದಷ್ಟು ನೀರು ಪ್ರತಿ ವರ್ಷ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಅದರಲ್ಲಿ ಹತ್ತರಲ್ಲೊಂದು ಭಾಗ ಹಿಡಿದಿಟ್ಟರೂ, ದಿನಕ್ಕೆ 400 ಕೋಟಿ ಲೀಟರಿನಂತೆ ಈಗ ಊರಿಗೆ ಕೊಡುವ ನೀರಿನ ಲೆಕ್ಕದಲ್ಲಿ, 24 ದಿನಕ್ಕೆ ಸಾಕು. ಹಿಡಿಯುವುದು ಬಿಡಿ, ಅದು ಬೇಗ ತೊಲಗಲಿ ಅಂತ ಹಾಜಿ ಅಲಿ, ಇರ್ಲಾ, ಲವ್ ಗ್ರೋವ್, ಬ್ರಿಟಾನಿಯಾ ಅಂತ ಸಾಲಾಗಿ ಪಂಪಿಂಗ್ ಸ್ಟೇಷನ್ ಕಟ್ಟಿದ್ದೇವೆ. ಸಿಹಿನೀರನ್ನು ಕರೆಂಟು ಖರ್ಚು ಮಾಡಿ ಉಪ್ಪುನೀರಿಗೆ ಸುರಿಯುವ ಊರು ನಮ್ಮದು!

ಅದೇ ಹೊತ್ತಿಗೆ ಇನ್ನೊಂದು ಯೋಜನೆ ನೋಡಿ. ಮನೋರಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ. ಮೊದಲ ಹಂತಕ್ಕೆ ದಿನಕ್ಕೆ 20 ಕೋಟಿ ಲೀಟರಿನ ಗುರಿ. ಮಳೆಯ ಸಿಹಿನೀರನ್ನು ಸಮುದ್ರಕ್ಕೆ ತಳ್ಳಿ ಉಪ್ಪು ಮಾಡುವುದು, ಆ ಉಪ್ಪುನೀರನ್ನು ಮತ್ತೆ ಎತ್ತಿ ಕೋಟಿಗಟ್ಟಲೆ ಸುರಿದು ಸಿಹಿ ಮಾಡುವುದು. ಮೇಲೆ ಹೇಳಿದ ಆ ಹತ್ತರಲ್ಲೊಂದು ಭಾಗ ಮಳೆಯಷ್ಟು ನೀರು ಕೊಡಲು ಈ ಘಟಕ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಲ್ಲದೆ ಓಡಬೇಕು. ಊರಿನಲ್ಲಿ ನನ್ನ ಅಜ್ಜಿ ಇದ್ದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಳು.

ಇನ್ನು 2005ರ ಜುಲೈ 26. ಮುಂಬಯಿಯಲ್ಲಿದ್ದ ಯಾರೂ ಆ ದಿನ ಮರೆಯುವುದಿಲ್ಲ. ಸಾಂತಾಕ್ರೂಜ್‌ನಲ್ಲಿ 24 ತಾಸಿಗೆ 944 ಮಿಲಿಮೀಟರ್. ಒಂದೊಂದು ಚದರ ಮೀಟರ್ ಜಾಗದ ಮೇಲೆ 944 ಲೀಟರ್ ನೀರು! ಅದೇ ದಿನ ಕೊಲಾಬಾದಲ್ಲಿ ನೂರು ಮಿಲಿಮೀಟರ್ ಕೂಡ ಇಲ್ಲ. ಕೋಟೆಯ ಆಫೀಸಿನಲ್ಲಿ ಕೂತವರಿಗೆ ಉಪನಗರ ಮುಳುಗುತ್ತಿರುವುದೇ ಗೊತ್ತಿರಲಿಲ್ಲ. ನಾನು ಹತ್ತಿದ ಲೋಕಲ್ ಕುರ್ಲಾದಲ್ಲಿ ನಿಂತೇ ಬಿಟ್ಟಿತು. ಹಳಿ ಹಿಡಿದು ಭಾಂಡುಪ್‌ವರೆಗೆ ನಡೆದೆ. ಕತ್ತಲು, ಎದೆಮಟ್ಟದ ನೀರು, ಯಾರದೋ ಹೆಗಲಿನ ಮೇಲೆ ಯಾರದೋ ಮಗು, ಕಿಟಕಿಯಿಂದ ಬಿಸ್ಕತ್ತು ಕೊಡುತ್ತಿದ್ದ ಗುರುತಿಲ್ಲದ ಕೈಗಳು. ಆ ಮಳೆಗೆ ಈ ಊರಿನಲ್ಲಿ ನೂರಾರು ಜನ ಸತ್ತರು. ಮರುದಿನದಿಂದ ಎಲ್ಲರೂ "ಮುಂಬಯಿ ಸ್ಪಿರಿಟ್" ಅಂತ ಬೆನ್ನು ತಟ್ಟಿಕೊಂಡರು. ಹೆಗಲು ಕೊಟ್ಟವರಿಗೆ ಕೈ ಮುಗಿಯೋಣ, ಸರಿ. ಆದರೆ ಆ ಸ್ಪಿರಿಟ್ ಅನ್ನುವ ಒಂದು ಪದದ ಕೆಳಗೆ ಎಷ್ಟು ಜನರ ತಪ್ಪು ಬಚ್ಚಿಟ್ಟೆವು, ಗೊತ್ತಾ?

ಆ ದಿನವೇ ನಮ್ಮಲ್ಲಿ ಬಹುಮಂದಿಗೆ ಈ ಊರಿನಲ್ಲಿ ಒಂದು ನದಿ ಇದೆ ಅಂತ ತಿಳಿದದ್ದು! ಮೀಠಿ. ಹೆಸರಿಗೆ ಸಿಹಿ. ವಿಹಾರ್ ಮತ್ತು ಪವಾಯಿ ಕೆರೆಗಳು ತುಂಬಿ ಹರಿದ ನೀರು, ಸುಮಾರು 18 ಕಿಲೋಮೀಟರ್ ಸಾಗಿ ಮಾಹಿಮ್ ಖಾಡಿಯಲ್ಲಿ ಸಮುದ್ರ ಸೇರುತ್ತದೆ. ಅದನ್ನು ನಾವು ನಾಲಾ ಅಂತಲೇ ಕರೆಯುತ್ತಿದ್ದೆವು. ವಿಮಾನ ನಿಲ್ದಾಣದ ಹತ್ತಿರ ಆ ನದಿಯನ್ನು ಕಾಟಕೋನದಲ್ಲಿ ತಿರುಗಿಸಿದ್ದಾರೆ. ಹರಿಯುವ ನೀರಿಗೆ ಟ್ರಾಫಿಕ್ ಪೊಲೀಸಿನಂತೆ ಕೈ ತೋರಿಸಿ "ಬಲಕ್ಕೆ ಹೋಗು" ಅಂದರೆ ಕೇಳುತ್ತದೆಯೇ? ಮುಂದೆ ಖಾಡಿ ಅಗಲವಾಗುವ ಜಾಗ, ಕಾಂಡ್ಲಾ ಗಿಡಗಳಿದ್ದ ಜೌಗು ನೆಲ, ಭರತ ಬಂದಾಗ ನೀರು ಕಾಲು ಚಾಚುತ್ತಿದ್ದ ಅಂಗಳ, ಅಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎದ್ದಿತು. ಗಾಜಿನ ಬಿಲ್ಡಿಂಗುಗಳು ಥಳಥಳ ಹೊಳೆಯುತ್ತವೆ. ಅವುಗಳ ಬೆಲೆಯಲ್ಲಿ ಕುರ್ಲಾ, ಕಲೀನಾದ ನೆಲಮನೆಗಳವರು ಕೊಟ್ಟ ಪಾಲು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇಲ್ಲ.

ಆ ಪ್ರವಾಹದ ನಂತರ ಮಾಧವ ಚಿತಳೆಯವರ ನೇತೃತ್ವದಲ್ಲಿ ಸತ್ಯಶೋಧನಾ ಸಮಿತಿಯಾಯಿತು, ಮೀಠಿಗೆಂದೇ ಒಂದು ಪ್ರಾಧಿಕಾರವಾಯಿತು. ಚರಂಡಿಗಳ ಸಾಮರ್ಥ್ಯವನ್ನು ತಾಸಿಗೆ 25 ಮಿಲಿಮೀಟರ್ ಮಳೆಯಿಂದ 50ಕ್ಕೆ ಏರಿಸುವ ಬ್ರಿಮ್‌ಸ್ಟೋವ್ಯಾಡ್ ಯೋಜನೆ 1993ರಿಂದಲೇ ಫೈಲಿನಲ್ಲಿ ಮಲಗಿತ್ತು. ಅದೂ ಎದ್ದು ಕೂತಿತು. ಆಮೇಲೆ? 2017ರ ಆಗಸ್ಟ್ 29ಕ್ಕೆ ಮತ್ತೆ ಊರು ನಿಂತಿತು. 2025ರ ಮೇ 26ರಂದು ಮುಂಗಾರು ದಾಖಲೆಯಲ್ಲೇ ಎಲ್ಲಕ್ಕಿಂತ ಬೇಗ ಬಂದಾಗ, ಹೊಸದಾಗಿ ತೆರೆದ ವರ್ಲಿಯ ನೆಲದಡಿಯ ಮೆಟ್ರೋ ಸ್ಟೇಷನ್ನಿಗೇ ನೀರು ನುಗ್ಗಿತು. ಅದೇ ವರ್ಷ ಆಗಸ್ಟ್ 19ರಂದು ಮೀಠಿ ಅಪಾಯದ ಮಟ್ಟ ಮುಟ್ಟಿ ಕುರ್ಲಾದ ಕ್ರಾಂತಿನಗರದ ಜನರನ್ನು ಎಬ್ಬಿಸಿ ಕಳಿಸಬೇಕಾಯಿತು. ಈ ನಡುವೆ ಮೀಠಿಯ ಹೂಳೆತ್ತುವ ಕೆಲಸದಲ್ಲೇ 65 ಕೋಟಿ ರೂಪಾಯಿ ಅವ್ಯವಹಾರ ನಡೆದಿದೆ ಎಂದು 2025ರ ಮೇ ತಿಂಗಳಲ್ಲಿ ಪೊಲೀಸರು ಕೇಸು ದಾಖಲಿಸಿದರು. ಆರೋಪ ನಿಜವೋ ಸುಳ್ಳೋ ಕೋರ್ಟು ನೋಡಿಕೊಳ್ಳಲಿ. ನನ್ನ ಮಾತು ಅದಲ್ಲ. ಇಪ್ಪತ್ತು ವರ್ಷ ನಾವು ಮಾತಾಡಿದ್ದು ಬರೀ ಚರಂಡಿಯ ಬಗ್ಗೆ. ಚರಂಡಿ ಅಗಲವಾಗಲಿ, ಚರಂಡಿ ಆಳವಾಗಲಿ, ಪಂಪು ದೊಡ್ಡದಾಗಲಿ. ನೆಲದ ಬಗ್ಗೆ ಯಾರೂ ಮಾತಾಡಲಿಲ್ಲ.

ಈ ಊರಿಗೆ ನೀರು ಹಿಡಿಯುವುದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೆಸರುಗಳನ್ನೇ ಕೇಳಿ. ಧೋಬಿ ತಲಾವ್, ಸಿ.ಪಿ. ಟ್ಯಾಂಕ್, ಗೊವಾಲಿಯಾ ಟ್ಯಾಂಕ್, ದೋ ಟಾಂಕಿ. ಎಲ್ಲವೂ ಕೆರೆಗಳ ಹೆಸರು. ಕೆರೆ ಹೋಯಿತು, ಬಸ್ ಸ್ಟಾಪಿನ ಹೆಸರು ಉಳಿಯಿತು. 1942ರಲ್ಲಿ ಗಾಂಧೀಜಿ "ಮಾಡು ಇಲ್ಲವೇ ಮಡಿ" ಅಂದ ಮೈದಾನ ಇದೆಯಲ್ಲ, ಅದು ಮುಚ್ಚಿದ ಗೊವಾಲಿಯಾ ಕೆರೆಯ ಮೇಲಿನದು. ಚರ್ಚ್‌ಗೇಟಿನ ಬಳಿ ಪಾರಸಿಗಳ ಭಿಖಾ ಬೆಹ್ರಾಮ್ ಬಾವಿ 1725ರದ್ದು. ಸಮುದ್ರ ಅಷ್ಟು ಹತ್ತಿರವಿದ್ದರೂ ಮುನ್ನೂರು ವರ್ಷಗಳಿಂದ ಸಿಹಿನೀರು. ವಾಲಕೇಶ್ವರದ ಬಾಣಗಂಗಾ ಕೊಳ ಸಮುದ್ರಕ್ಕೆ ಕಲ್ಲೆಸೆಯುವ ದೂರದಲ್ಲಿದೆ, ಅದರ ಒರತೆಯೂ ಸಿಹಿ. 1860ರಲ್ಲಿ ವಿಹಾರ್ ಕೆರೆಯಿಂದ ಪೈಪಿನಲ್ಲಿ ನೀರು ಬಂತು. ನಲ್ಲಿ ತಿರುಗಿಸಿದರೆ ನೀರು ಅನ್ನುವ ಸುಖ ಸಿಕ್ಕಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಲೇರಿಯಾ ಸೊಳ್ಳೆಯ ಭಯಕ್ಕೆ ಬಾವಿ-ಕೆರೆಗಳನ್ನು ಮುಚ್ಚಿಸತೊಡಗಿದರು. ಆ ಕಾಲಕ್ಕೆ ಅದಕ್ಕೊಂದು ಕಾರಣವಾದರೂ ಇತ್ತು ಅನ್ನಿ. ಆದರೆ ಬಾವಿ ಬೇಡವಾದ ಮೇಲೆ ನೆಲವೂ ಬೇಡವಾಯಿತು. ತುಳಸಿ, ತಾನ್ಸಾ, ಮೋಡಕ್ ಸಾಗರ್, ಮೇಲಿನ ವೈತರಣಾ, ಭಾತ್ಸಾ, ಕೊನೆಗೆ 2014ರಲ್ಲಿ ಮಧ್ಯ ವೈತರಣಾ. ಬಾಯಾರಿಕೆ ಹೆಚ್ಚಿದಂತೆಲ್ಲ ನಮ್ಮ ಕೈ ಉದ್ದವಾಗುತ್ತಾ ಹೋಯಿತು, ನೂರು ಕಿಲೋಮೀಟರ್‌ವರೆಗೆ.

ಆ ಕೆರೆಗಳ ಪಕ್ಕದಲ್ಲಿ ಯಾರಿದ್ದಾರೆ? ಶಹಾಪುರ, ಮೋಖಾಡಾ ತಾಲೂಕುಗಳ ಆದಿವಾಸಿಗಳು. ಪ್ರತಿ ಬೇಸಿಗೆ ಅಲ್ಲಿನ ಹಳ್ಳಿಗಳಿಗೆ ಟ್ಯಾಂಕರ್ ಹೋಗುತ್ತದೆ. ಅವರ ಊರಿನ ಕೆರೆಯಿಂದ ನಮ್ಮ ಫ್ಲಶ್ಶಿಗೆ ನೀರು, ಅವರ ಕೊಡಕ್ಕೆ ಟ್ಯಾಂಕರ್. ಈಗ ಗಾರ್ಗಾಯಿ ನದಿಗೂ ಅಣೆಕಟ್ಟು ಬೇಕಂತೆ. ತಾನ್ಸಾ ಅಭಯಾರಣ್ಯದ ಕಾಡು ಮುಳುಗಬೇಕು, ಆದಿವಾಸಿ ಹಳ್ಳಿಗಳು ಎದ್ದು ಹೋಗಬೇಕು. ಕಾಡು ಮುಳುಗಿಸಿ ಕೆರೆ ಕಟ್ಟುವುದು ಅಂದರೆ, ಹಾಲು ಹೆಚ್ಚು ಬೇಕು ಅಂತ ಹಸುವಿನ ಕೆಚ್ಚಲು ಕೊಯ್ದ ಹಾಗೆ. ವಿಹಾರ್, ತುಳಸಿ ಇವತ್ತಿಗೂ ಚೆನ್ನಾಗಿರುವುದು ಸುತ್ತ ಸಂಜಯ್ ಗಾಂಧಿ ಉದ್ಯಾನದ ಕಾಡು ಇರುವುದರಿಂದ. ಮೀಠಿ, ದಹಿಸರ್, ಪೊಯ್ಸರ್, ಓಶಿವಾರಾ, ನಾಲ್ಕೂ ಹುಟ್ಟುವುದು ಆ ಗುಡ್ಡಗಳ ಆಸುಪಾಸಿನಲ್ಲೇ. ಅದಕ್ಕೆ ಅಂಟಿಕೊಂಡ ಆರೇಯಲ್ಲಿ 2019ರ ಅಕ್ಟೋಬರಿನಲ್ಲಿ ರಾತ್ರೋರಾತ್ರಿ ಗರಗಸ ಹಚ್ಚಿ, ಎರಡು-ಮೂರು ದಿನದೊಳಗೆ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿಸಿದರು, ಮೆಟ್ರೋ ಶೆಡ್ಡಿಗೆ. ಅಲ್ಲಿ ನಿಂತು ಕೂಗಿ ಜೈಲಿಗೆ ಹೋದದ್ದು ಕಾಲೇಜು ಹುಡುಗರು. ನಮ್ಮಂಥ ದೊಡ್ಡವರು "ಮೆಟ್ರೋ ಬೇಕಲ್ಲ ಮತ್ತೆ" ಅಂದುಕೊಂಡು ಮಲಗಿದ್ದೆವು.

ಇಷ್ಟು ಹೊತ್ತು ಸರಕಾರವನ್ನು, ಊರನ್ನು ಬೈದೆ. ಬೈಯುವುದು ಸುಲಭ. ಈಗ ನನ್ನ ಸರದಿ.

ಭಾಂಡುಪ್‌ನ ನಮ್ಮ ಸೊಸೈಟಿಯ ಹಿಂದಿನ ಮೂಲೆಯಲ್ಲಿ ಒಂದು ಬಾವಿ ಇತ್ತು. ಪಕ್ಕದಲ್ಲಿ ನೇರಳೆ ಮರ. ಬಾವಿಗೆ ಕಲ್ಲಿನ ಕಟ್ಟೆ, ಬೇಸಿಗೆಯಲ್ಲೂ ತಳದಲ್ಲಿ ನೀರು. ಕುಡಿಯುತ್ತಿರಲಿಲ್ಲ, ಆದರೆ ನೆಲ ತೊಳೆಯಲು, ಗಿಡಕ್ಕೆ, ನಲ್ಲಿ ಬಾರದ ದಿನ ಬಳಸಲು ಅದೇ ಗತಿ. 2009ರಲ್ಲಿ ವಾರ್ಷಿಕ ಸಭೆಯಲ್ಲಿ ಮಾತು ಬಂತು. ಕಾರುಗಳು ಹೆಚ್ಚಾಗಿವೆ, ಜಾಗವಿಲ್ಲ, ಬಾವಿಯಲ್ಲಿ ಸೊಳ್ಳೆ, ಮಕ್ಕಳು ಬಿದ್ದರೆ ಯಾರು ಜವಾಬ್ದಾರಿ? ಮುಚ್ಚಿ ಬಿಡೋಣ. ಹಾಗೇ ಕಾಂಪೌಂಡಿಗೆಲ್ಲ ಪೇವರ್ ಬ್ಲಾಕ್ ಹಾಕಿಸೋಣ, ಮಳೆಗಾಲದಲ್ಲಿ ಕೆಸರಿನ ಕಾಟ ತಪ್ಪುತ್ತದೆ. ಎಲ್ಲರೂ ಹೌದು ಅಂದರು. ನೆಲಮಹಡಿಯ ಮರಾಠಿ ಆಜಿಯೊಬ್ಬರು ಮಾತ್ರ ಎದ್ದು ನಿಂತು "ವಿಹೀರ್ ಬುಜವೂ ನಕಾ" ಅಂದರು. ಬಾವಿ ಮುಚ್ಚಬೇಡಿ. ಅವರು ಹಬ್ಬದ ದಿನ ಆ ಕಟ್ಟೆಗೆ ಅರಿಶಿನ ಕುಂಕುಮ ಇಡುತ್ತಿದ್ದವರು. ಮೂಢನಂಬಿಕೆ ಅಂತ ಒಬ್ಬರು ನಕ್ಕರು. ನಾನೂ ನಕ್ಕೆ. ಆಗ ಸೊಸೈಟಿಯ ಖಜಾಂಚಿ ನಾನೇ. ಬಾವಿಗೆ ಡೆಬ್ರಿ ತುಂಬಿದವನ ಚೆಕ್ಕಿಗೆ ಸಹಿ ಹಾಕಿದ್ದು ಇದೇ ಕೈ. ನೇರಳೆ ಮರದ ಬುಡಕ್ಕೂ ಸಿಮೆಂಟು ಬಳಿದರು. ಕೆಲವು ಮಳೆಗಾಲದ ನಂತರ ಅದು ಗಾಳಿಗೆ ಉರುಳಿತು.

ಮುಂದಿನದು ನಿಮಗೆ ಹೇಳಬೇಕಾಗಿಲ್ಲ. ಒಂದು ಜೋರು ಮಳೆಗೆ ಕಾಂಪೌಂಡಿನಲ್ಲಿ ಮೊಣಕಾಲುದ್ದ ನೀರು. ಮೊದಲು ನುಗ್ಗಿದ್ದು ಆ ಆಜಿಯ ಮನೆಗೆ. ಹಾಸಿಗೆ, ಅಕ್ಕಿಡಬ್ಬ, ದೇವರ ಫೋಟೋ, ಎಲ್ಲಾ ಒದ್ದೆ. ನಾವು ಬಕೆಟ್ ಹಿಡಿದು ನೀರು ಚೆಲ್ಲುತ್ತಿದ್ದಾಗ ಅವರು ಒಂದು ಮಾತೂ ಆಡಲಿಲ್ಲ. ನನ್ನ ಮುಖ ಒಂದು ಸಲ ನೋಡಿದರು, ಅಷ್ಟೇ. ಆಡಿದ್ದರೆ ಒಳ್ಳೆಯದಿತ್ತು.

ಮೇ ತಿಂಗಳಲ್ಲಿ ನೀರು ಕಡಿಮೆಯಾದಾಗ ಸೊಸೈಟಿಗೆ ಟ್ಯಾಂಕರ್ ತರಿಸತೊಡಗಿದೆವು. ತಮಾಷೆ ನೋಡಿ. ನಮ್ಮ ಗುಡ್ಡದ ಹಿಂದೆ ವಿಹಾರ್ ಕೆರೆ. ಊರಿನ ಬಹುಪಾಲು ನೀರು ಶುದ್ಧವಾಗುವ ದೊಡ್ಡ ಸ್ಥಾವರ ಇರುವುದು ಭಾಂಡುಪ್‌ನಲ್ಲೇ. ಆದರೂ ನಮಗೆ ಟ್ಯಾಂಕರ್. ಒಂದು ದಿನ ಡ್ರೈವರನ ಹತ್ತಿರ ಕೇಳಿದೆ, "ಈ ನೀರು ಎಲ್ಲಿಯದಪ್ಪಾ?" ಅವನು ಪೈಪು ಜೋಡಿಸುತ್ತಾ ಹೇಳಿದ, "ಬಾವಿಯದ್ದು ಸಾಹೇಬ್."

ಬಾವಿಯದ್ದು! ಬಾವಿ ಮುಚ್ಚಲು ದುಡ್ಡು ಕೊಟ್ಟೆವು, ಈಗ ಬೇರೆ ಯಾರದೋ ಬಾವಿಯ ನೀರಿಗೆ ದುಡ್ಡು ಕೊಡುತ್ತಿದ್ದೇವೆ. 2025ರ ಏಪ್ರಿಲ್‌ನಲ್ಲಿ ಅಂತರ್ಜಲದ ನಿಯಮಗಳ ವಿಷಯವಾಗಿ ಟ್ಯಾಂಕರಿನವರು ಮುಷ್ಕರ ಮಾಡಿದಾಗ ಊರೆಲ್ಲ ಹಾಹಾಕಾರ ಎದ್ದಿತಲ್ಲ, ಆಗಲಾದರೂ ತಿಳಿಯಬೇಕಿತ್ತು ನಮಗೆ. ಮುಂಬಯಿಯ ನೆಲದಡಿ ನೀರಿಲ್ಲ ಅನ್ನುವುದು ಸುಳ್ಳು. ಆ ನೀರನ್ನು ಬೇರೆಯವರು ಎತ್ತಿ ಮಾರುತ್ತಿದ್ದಾರೆ, ನೆಲಕ್ಕೆ ತುಂಬುವವರು ಮಾತ್ರ ಯಾರೂ ಇಲ್ಲ.

ಬುದ್ಧಿವಂತರು ಕೆಲವರು ವಾದ ಮಾಡುತ್ತಾರೆ. "ಮುಂಬಯಿಯದ್ದು ಕರಿಕಲ್ಲು, ನೀರು ಇಂಗುವುದಿಲ್ಲ. ಅರ್ಧ ಊರು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ್ದು. 944 ಮಿಲಿಮೀಟರ್ ಮಳೆಯನ್ನು ನಿಮ್ಮ ಬಾವಿ ಕುಡಿಯುತ್ತದೆಯೇ?" ಇಲ್ಲ, ಕುಡಿಯುವುದಿಲ್ಲ. ಅಷ್ಟು ಮಳೆಯನ್ನು ಯಾವ ಚರಂಡಿಯೂ ಕುಡಿಯುವುದಿಲ್ಲ. ಆದರೆ ನಮ್ಮನ್ನು ಪ್ರತಿ ವರ್ಷ ನಿಲ್ಲಿಸುವುದು 944ರ ಮಳೆಯಲ್ಲ, ಭರತದ ಹೊತ್ತಿಗೆ ಒಂದೆರಡು ತಾಸು ಹೊಡೆಯುವ ಮಾಮೂಲಿ ಜೋರುಮಳೆ. ಆ ಹೊತ್ತಿಗೆ ಪ್ರತಿ ತಾರಸಿ, ಪ್ರತಿ ಅಂಗಳ ಒಂದಿಷ್ಟು ನೀರು ತಡೆದು ನಿಲ್ಲಿಸಿದರೆ ಚರಂಡಿಗೆ ಉಸಿರಾಡಲು ಸಮಯ ಸಿಗುತ್ತದೆ. 500 ಚದರ ಮೀಟರಿನ ತಾರಸಿಯ ಮೇಲೆ ಒಂದು ಮಳೆಗಾಲದಲ್ಲಿ ಬೀಳುವುದು 11 ಲಕ್ಷ ಲೀಟರ್. ಇಂಗದಿದ್ದರೆ ಟ್ಯಾಂಕಿನಲ್ಲಿ ಹಿಡಿಯಿರಿ. ಕರಿಕಲ್ಲಿನ ಬಿರುಕಿನಲ್ಲೂ, ಮೇಲಿನ ಸವೆದ ಪದರದಲ್ಲೂ ನೀರು ನಿಲ್ಲುತ್ತದೆ, ಇಲ್ಲದಿದ್ದರೆ ಟ್ಯಾಂಕರಿನವನ ಬಾವಿಗೆ ಎಲ್ಲಿಂದ ಬಂತು?

ತಡೆದು ನಿಲ್ಲಿಸುವುದು ನಾನು ಕಂಡುಹಿಡಿದ ಉಪಾಯವೂ ಅಲ್ಲ. ಹಿಂದ್‌ಮಾತಾದ ನೀರಿಗೆ ಮದ್ದು ಅಂತ ಮಹಾನಗರಪಾಲಿಕೆಯೇ ದಾದರಿನ ಪ್ರಮೋದ್ ಮಹಾಜನ್ ಪಾರ್ಕ್ ಮತ್ತು ಪರೇಲಿನ ಸೇಂಟ್ ಝೇವಿಯರ್ಸ್ ಮೈದಾನದ ಅಡಿಯಲ್ಲಿ ದೊಡ್ಡ ಟ್ಯಾಂಕುಗಳನ್ನು ಕಟ್ಟಿಸಿತು. ಭರತ ಇಳಿಯುವವರೆಗೆ ಮಳೆನೀರು ಅಲ್ಲಿ ಕಾಯುತ್ತದೆ. ಅಂದರೆ ನೂರು ವರ್ಷ ಕೆರೆ ಮುಚ್ಚಿ, ಕೊನೆಗೆ ನೆಲದಡಿಯಲ್ಲಿ ಮತ್ತೆ ಕೆರೆಯನ್ನೇ ಕಟ್ಟಿದರು! ಆದರೆ ಬುದ್ಧಿ ಪೂರ್ತಿ ಬಂದಿಲ್ಲ. ಭರತ ಇಳಿದ ಮೇಲೆ ಆ ನೀರನ್ನೂ ಸಮುದ್ರಕ್ಕೇ ಬಿಡುತ್ತಾರೆ.

ಇನ್ನೊಂದು ವಾದ, "ಈಗ ಹವೆಯೇ ಕೆಟ್ಟಿದೆ, ಯಾರೇನು ಮಾಡಲು ಸಾಧ್ಯ?" ಹೌದು, ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ. ಮಧ್ಯ ಭಾರತದಲ್ಲಿ ವಿಪರೀತ ಮಳೆಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ ಎಂದು ಪುಣೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲೇ ತೋರಿಸಿದ್ದಾರೆ. ಮಳೆ ಜೋರಾಗುತ್ತದೆ ಅಂತ ಗೊತ್ತಿದ್ದೂ ಮನೆಯ ಮಾಡು ಕಿತ್ತವನನ್ನು ಏನಂತ ಕರೆಯಬೇಕು? ಮಾಡು ಅಂದರೆ ಇಲ್ಲಿ ಕಾಂಡ್ಲಾ ಕಾಡು, ಜೌಗು, ಬಯಲು. ಕಾಂಡ್ಲಾ ಕಾಡು ನಾಶ ಮಾಡುವುದು ಜನರ ಬದುಕುವ ಹಕ್ಕಿಗೇ ಧಕ್ಕೆ ಎಂದು ಬಾಂಬೆ ಹೈಕೋರ್ಟು 2018ರಲ್ಲಿ ಹೇಳಿದೆ. ಹೇಳಿದ ಮೇಲೂ ರಸ್ತೆಗೆ, ಸೇತುವೆಗೆ ಅಂತ ಒಂದೊಂದಾಗಿ ಅನುಮತಿ ಕೇಳುವುದು ನಿಂತಿಲ್ಲ.

ನಮ್ಮವರಿಗೆ ಒಂದು ಮಾತು ಹೇಳಬೇಕು. ಈ ಊರಿನ ಬೇರೆಯವರಿಗೆ ಗೊತ್ತಿರಲಿಲ್ಲ ಅನ್ನಬಹುದು. ನಮಗೆ, ಕರಾವಳಿಯಿಂದ ಬಂದವರಿಗೆ, ಹಾಗೆ ಹೇಳುವ ಬಾಯಿ ಇಲ್ಲ. ಇದೇ ಅರಬ್ಬೀ ಸಮುದ್ರ, ಇದೇ ಸಹ್ಯಾದ್ರಿ, ಇದಕ್ಕಿಂತ ಜೋರಾದ ಮಳೆ ನೋಡಿ ಬೆಳೆದವರು ನಾವು. ನಮ್ಮ ಹಿರಿಯರು ಗುಡ್ಡದ ತಗ್ಗಿನಲ್ಲಿ ಮದಕ ಮಾಡಿ ಮಳೆನೀರು ನಿಲ್ಲಿಸಿದರು, ಅದು ಇಂಗಿ ಕೆಳಗಿನ ತೋಟದ ಬಾವಿಗೆ ಬಂತು. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಹಾಕಿದರು, ಮುಂದಿನ ಮಳೆಗೆ ಅದು ತಾನೇ ಕೊಚ್ಚಿ ಹೋಯಿತು. ಕಾಸರಗೋಡಿನ ಎಣ್ಮಕಜೆ, ಬಾಯಾರು ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲ. ಒಳಗೆ ಜಿನುಗುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸದ ನಡುವೆ ಒಬ್ಬರೇ ಸುರಂಗ ಕೊರೆದವರು. ಐದು ಸಲ ನೀರು ಸಿಗಲಿಲ್ಲ, ಆರನೆಯದಕ್ಕೆ ಸಿಕ್ಕಿತು. ಒಣಗುಡ್ಡ ತೋಟವಾಯಿತು. 2022ರಲ್ಲಿ ಪದ್ಮಶ್ರೀ ಕೊಟ್ಟರು. ಪತ್ರಕರ್ತ ಶ್ರೀ ಪಡ್ರೆಯವರು ದಶಕಗಳಿಂದ ಮಳೆನೀರು ಉಳಿಸಿ ಅಂತ ಬರೆಯುತ್ತಲೇ ಇದ್ದಾರೆ, ಕನ್ನಡದಲ್ಲೇ.

ನಾವು ಓದಿದೆವು, ಊರಿನವರು ಅಂತ ಹೆಮ್ಮೆಪಟ್ಟೆವು, ಆಮೇಲೆ ಮುಂಬಯಿಯಲ್ಲಿ ಬಾವಿ ಮುಚ್ಚಿದೆವು. ಊರಿನಲ್ಲಾದರೂ ಏನು ಮಾಡಿದೆವು? ನಾವು ಕಳಿಸಿದ ದುಡ್ಡಿನಿಂದಲೇ ಅಂಗಳಕ್ಕೆ ಇಂಟರ್‌ಲಾಕ್ ಬಂತು, ಗದ್ದೆ ತುಂಬಿಸಿ ಮನೆ ಎದ್ದಿತು, ಬಾವಿಯ ಪಕ್ಕ ಬೋರ್‌ವೆಲ್ ಬಂತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರು-ಉಡುಪಿಯಲ್ಲಿ 2019ರ ಮೇ ತಿಂಗಳಲ್ಲಿ ನಲ್ಲಿ ನೀರಿಗೆ ಸರದಿ ಹಚ್ಚಬೇಕಾಯಿತು. ಊರಿನಿಂದ ಮುಂಬಯಿಗೆ ಬಾವಿಯ ಬುದ್ಧಿ ತರಬೇಕಿದ್ದವರು ನಾವು, ಮುಂಬಯಿಯಿಂದ ಊರಿಗೆ ಕಾಂಕ್ರೀಟಿನ ಬುದ್ಧಿ ಕಳಿಸಿದೆವು.

ಹಾಗಾದರೆ ಏನು ಮಾಡಬೇಕು? ನಾನು ಎಂಜಿನಿಯರ್ ಅಲ್ಲ, ಆದರೆ ನಾಲ್ಕು ವಿಷಯಕ್ಕೆ ಎಂಜಿನಿಯರ್ ಬೇಡ. ಮುಚ್ಚಿದ ಬಾವಿಗಳಲ್ಲಿ ತೆರೆಯಬಹುದಾದದ್ದನ್ನು ತೆರೆಯಿರಿ, ಮೇಲೆ ಜಾಲರಿ ಹಾಕಿ, ಗಪ್ಪಿ ಮೀನು ಬಿಡಿ, ಸೊಳ್ಳೆ ಹೋಗುತ್ತದೆ. ಕಾಂಪೌಂಡಿನಲ್ಲಿ ಒಂದು ಮೂಲೆಯಾದರೂ ಮಣ್ಣು ಇರಲಿ, ಮರದ ಬುಡಕ್ಕೆ ಸಿಮೆಂಟು ಬೇಡ. 2002ರಿಂದಲೇ ದೊಡ್ಡ ಹೊಸ ಕಟ್ಟಡಗಳಿಗೆ ಮಳೆಕೊಯ್ಲು ಕಡ್ಡಾಯ, ಆದರೆ ಎಷ್ಟೋ ಕಡೆ ಆ ಗುಂಡಿ ಒ.ಸಿ. ಕೈಗೆ ಸಿಗುವವರೆಗೆ ಮಾತ್ರ ಬದುಕಿರುತ್ತದೆ. ಅದನ್ನು ಪ್ರತಿ ಮೇ ತಿಂಗಳಲ್ಲಿ ತೆಗೆಸಿ ನೋಡಿ, ಹೂಳು ತೆಗೆಸಿ. ಮತ್ತೆ ನಮ್ಮ ಸಂಘಗಳು. ಮುಂಬಯಿಯಲ್ಲಿ ಕನ್ನಡಿಗರ ಸಂಘಗಳಿಗೆ ಎಷ್ಟು ಭವನಗಳಿವೆ, ಎಷ್ಟು ತಾರಸಿಗಳಿವೆ! ಸನ್ಮಾನಕ್ಕೆ ಶಾಲು ಹೊದಿಸುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಆ ತಾರಸಿಯ ನೀರಿಗೆ ಒಂದು ಪೈಪು ಹಾಕಿಸಿದರೆ, ಅದು ಹತ್ತು ಭಾಷಣಕ್ಕಿಂತ ದೊಡ್ಡ ಕನ್ನಡ ಸೇವೆ. ಹೋಟೆಲಿನವರೂ ಅಷ್ಟೇ. ದಿನವೂ ಟ್ಯಾಂಕರಿಗೆ ದುಡ್ಡು ಎಣಿಸುವವರು ನೀವು, ನಿಮ್ಮ ಮಾಡಿನ ನೀರು ಎಲ್ಲಿ ಹೋಗುತ್ತದೆ ಅಂತ ಒಂದು ಮಳೆಗೆ ಹೊರಗೆ ನಿಂತು ನೋಡಿ.

ಬಾಯಾರಿದಾಗ ಬಾವಿ ತೋಡಿದರಂತೆ ಅಂತ ಗಾದೆ. ನಾವು ಇನ್ನೂ ಮುಂದೆ ಹೋದವರು, ಬಾಯಾರಿದಾಗಲೂ ತೋಡದವರು. ಇದ್ದದ್ದನ್ನೂ ಮುಚ್ಚಿದವರು.

ನಮ್ಮ ಸೊಸೈಟಿ ಈಗ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಬಿಲ್ಡರ್ ತಂದ ನಕ್ಷೆ ನೋಡಿದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಪೋಡಿಯಂ, ಅದರಡಿಯಲ್ಲಿ ಎರಡು ಮಾಳಿಗೆ ಪಾರ್ಕಿಂಗ್. ಮೇಲೆ ಕುಂಡದಲ್ಲಿ ತಾಳೆಮರದ ಚಿತ್ರ. ಬಾವಿಯಿದ್ದ ಮೂಲೆಯಲ್ಲಿ ಕಾರಿನ ಲಿಫ್ಟು. ಮುಂದಿನ ತಿಂಗಳು ಸಭೆ. ಆ ಮೂಲೆಯನ್ನು ಬಿಡಿ, ಬಾವಿಯ ಮಣ್ಣು ತೆಗೆಸಿ, ತಾರಸಿಯ ನೀರು ಅಲ್ಲಿಗೆ ಬರಲಿ ಅಂತ ಬರೆದು ಕೊಟ್ಟಿದ್ದೇನೆ. "ನಿಮಗೆ ಪಾರ್ಕಿಂಗ್ ಬೇಡವಾದರೆ ಎಲ್ಲರಿಗೂ ಬೇಡವೇ?" ಅಂತ ಈಗಾಗಲೇ ಒಬ್ಬರು ಕೇಳಿಯಾಗಿದೆ. ಸೋಲುತ್ತೇನೆ ಅಂತ ಅನಿಸುತ್ತದೆ. ಆದರೂ ಈ ಸಲ ಎದ್ದು ನಿಲ್ಲುತ್ತೇನೆ. ಆ ಆಜಿ ಈಗಿಲ್ಲ. ಅವರ ಮಗಳು ಸಭೆಗೆ ಬರುತ್ತಾರೆ. ಅವರ ಎದುರು ಹೇಳಬೇಕಾದ ಮಾತು ಮರಾಠಿಯಲ್ಲಿ ಮೂರೇ ಶಬ್ದ, ಅದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ನಿಮ್ಮ ಸೊಸೈಟಿಯಲ್ಲಿ ಬಾವಿ ಇತ್ತೇ? ಹಳಬರನ್ನು ಕೇಳಿ ನೋಡಿ. ಈಗ ಅದರ ಮೇಲೆ ಯಾರ ಕಾರು ನಿಂತಿದೆ?